ಸುಣ್ಣಕಲ್ಲಿನ ಗುಡ್ಡದ ಮಣ್ಣಿನಲ್ಲಿ ಹೊಸ ನುಸಿ ಹುಡುಕುವುದು ಹೇಗೆ?

"ಸರ್, ಮಣ್ಣಾಗ ಹೊಸ ಹೊಸ ನುಸಿ ಸಿಗ್ತಾವಂತ, ಹೆಂಗ ಹುಡುಕೂದ್ರಿ?" ಗದಗ, ಹಾವೇರಿ, ಧಾರವಾಡದ ಕಡೆಯಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರಲ್ಲಿ ಎಂಎಸ್ಸಿ ಪ್ರಾಜೆಕ್ಟ್‌ಗೆ ವಿಷಯ ಹುಡುಕುವವರು ಜಾಸ್ತಿ. ಒಂದಿಬ್ಬರು ಹೈಸ್ಕೂಲ್ ಮೇಷ್ಟ್ರೂ ಇದ್ದಾರೆ. ಒಬ್ಬೊಬ್ಬರಿಗೆ ಅರ್ಧರ್ಧ ಉತ್ತರ ಕೊಟ್ಟು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ನುಸಿ ಸಿಗುವುದು ಕಷ್ಟವಲ್ಲ. ಎರಡು ಬೊಗಸೆ ಕೊಳೆತ ಎಲೆ ತಂದು ಬಲ್ಬಿನ ಕೆಳಗೆ ಇಟ್ಟರೆ ವಾರದೊಳಗೆ ಹತ್ತಾರು ನುಸಿ ಬಾಟಲಿಗೆ ಬಿದ್ದಿರುತ್ತವೆ. ಅದರಲ್ಲೊಂದು ಹೊಸದು ಎಂದು ತೋರಿಸಲು ಮಾತ್ರ ವರ್ಷವೇ ಹಿಡಿಯಬಹುದು. ಹಾಗಾಗಿ ಈ ಬರಹದಲ್ಲಿ ಮಣ್ಣು ಅಗೆಯುವುದಕ್ಕಿಂತ ಆಮೇಲಿನ ಕೆಲಸದ ಬಗ್ಗೆ ಜಾಸ್ತಿ ಇದೆ.

ಯಾವ ನುಸಿ?

ನಮ್ಮ ಕಡೆ ಜೋಳದ ಚೀಲಕ್ಕೆ ಹತ್ತುವ ಹುಳಕ್ಕೂ ನುಸಿ ಅನ್ನುತ್ತೇವೆ. ಅದು ಆರು ಕಾಲಿನ ಕೀಟ, ಇಲ್ಲಿ ಲೆಕ್ಕಕ್ಕಿಲ್ಲ. ಬ್ಯಾಡಗಿ ಸೀಮೆಯಲ್ಲಿ ಮೆಣಸಿನ ಗಿಡದ ಎಲೆ ಮುಟುರುವಂತೆ ಮಾಡುವುದರಲ್ಲಿ ಥ್ರಿಪ್ಸ್ ಎಂಬ ಸಣ್ಣ ಕೀಟದ ಜೊತೆ ಹಳದಿ ನುಸಿಯ ಪಾಲೂ ಇದೆಯಲ್ಲ, ಅದು ನಿಜವಾದ ನುಸಿ. ಇಂಗ್ಲಿಷಿನಲ್ಲಿ ಮೈಟ್. ಬೆಳೆದ ಮೇಲೆ ಎಂಟು ಕಾಲು, ಜೇಡ ಮತ್ತು ಚೇಳಿನ ಬಳಗ. ದನದ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಇದರ ದೊಡ್ಡ ದಾಯಾದಿ.

ಮಣ್ಣಿನಲ್ಲಿ ಹಲವು ಬಗೆಯ ನುಸಿಗಳಿವೆ. ಹೊಸಬರಿಗೆ ನಾನು ಹೇಳುವುದು ಒರಿಬ್ಯಾಟಿಡ್ ಗುಂಪು. ಕೊಳೆತ ಎಲೆ ಮತ್ತು ಬೂಷ್ಟು ತಿಂದು ಬದುಕುವ, ನಿಧಾನವಾಗಿ ನಡೆಯುವ, ಗಟ್ಟಿ ಚಿಪ್ಪಿನ ನುಸಿಗಳು ಇವು. ಹೆಚ್ಚಿನವು ಅರ್ಧ ಮಿಲಿಮೀಟರ್ ಆಸುಪಾಸು, ಸಾಸಿವೆ ಕಾಳಿನ ಕಾಲು ಭಾಗ ಅನ್ನಿ. ಚಿಪ್ಪು ಗಟ್ಟಿ ಇರುವುದರಿಂದ ದೇಹ ಬೇಗ ಹಾಳಾಗುವುದಿಲ್ಲ, ಗುರುತುಗಳೂ ಸ್ಪಷ್ಟ ಕಾಣುತ್ತವೆ. ಜಗತ್ತಿನಲ್ಲಿ ಈವರೆಗೆ ಹೆಸರು ಪಡೆದ ಒರಿಬ್ಯಾಟಿಡ್ ಪ್ರಭೇದಗಳು 11,000ಕ್ಕೂ ಮೇಲೆ. ಉಷ್ಣವಲಯದಲ್ಲಿ ಹುಡುಕಿದವರೇ ಕಡಿಮೆ, ಆದ್ದರಿಂದ ಹೆಸರಿಲ್ಲದವು ಇನ್ನೂ ಬಹಳ ಇವೆ.

ಸುಣ್ಣಕಲ್ಲೇ ಯಾಕೆ?

ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿ ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣಕಲ್ಲನ್ನು ಕರಗಿಸುತ್ತದೆ. ಸಾವಿರಾರು ವರ್ಷ ಹೀಗೆ ಕರಗಿ ಕರಗಿ ಬಿರುಕು, ಪೊಟರೆ, ಗವಿ, ಚೂಪು ಶಿಖರ ಆಗುತ್ತವೆ. ಇಂಥ ನೆಲಕ್ಕೆ ಕಾರ್ಸ್ಟ್ ಎಂದು ಹೆಸರು. ಒಂದೊಂದು ಬಿರುಕಿನಲ್ಲೂ ಮುಷ್ಟಿಯಷ್ಟು ಕಪ್ಪು ಎಲೆಗೊಬ್ಬರ ನಿಂತಿರುತ್ತದೆ. ಸುತ್ತಲಿನ ಬಯಲಿನ ಮಣ್ಣು ಬೇರೆ, ಗುಡ್ಡದ್ದೇ ಬೇರೆ. ಹಾಗಾಗಿ ಅಲ್ಲಿನ ಸಣ್ಣ ಜೀವಿಗಳಿಗೆ ಆ ಗುಡ್ಡ ಸಮುದ್ರದ ನಡುವಿನ ದ್ವೀಪ ಇದ್ದಂತೆ. ಒಂದು ಗುಡ್ಡದಲ್ಲಿ ಇರುವುದು ಪಕ್ಕದ ಗುಡ್ಡದಲ್ಲಿ ಇಲ್ಲದೆ ಹೋಗಬಹುದು.

ಅದೇ ಕಾರಣಕ್ಕೆ ಅಪಾಯವೂ ಇದೆ. ಸುಣ್ಣಕಲ್ಲು ಅಂದರೆ ಸಿಮೆಂಟ್. ಮಲೇಷ್ಯಾದ ಬುಕಿಟ್ ಪಾಂಚಿಂಗ್ ಎಂಬ ಗುಡ್ಡವನ್ನು ಕಲ್ಲಿಗಾಗಿ ಪೂರ್ತಿ ಅಗೆದರು. ಅಲ್ಲಿ ಮಾತ್ರ ಇದ್ದ ಪ್ಲೆಕ್ಟೋಸ್ಟೋಮಾ ಸಿಯಾಫೈಲಮ್ ಎಂಬ ಪುಟ್ಟ ಬಸವನಹುಳ ಗುಡ್ಡದ ಜೊತೆಗೇ ಇಲ್ಲವಾಯಿತು. ಬಸವನಹುಳದ ಚಿಪ್ಪಾದರೂ ಕಣ್ಣಿಗೆ ಬೀಳುತ್ತದೆ. ಅಲ್ಲಿ ಎಷ್ಟು ನುಸಿ ಹೋದವೋ, ಲೆಕ್ಕ ಇಟ್ಟವರಿಲ್ಲ.

ಇನ್ನು ನಮ್ಮ ಊರಿನ ಮಾತು. ಗದಗ ಜಿಲ್ಲೆಯ ಕಪ್ಪತಗುಡ್ಡ ಸುಣ್ಣಕಲ್ಲಿನ ಗುಡ್ಡವಲ್ಲ. ಅಲ್ಲಿರುವುದು ಹೆಚ್ಚಾಗಿ ಶಿಸ್ಟ್ ಎಂಬ ಪದರಗಲ್ಲು ಮತ್ತು ಕಬ್ಬಿಣದ ಪಟ್ಟೆಕಲ್ಲು. "ಕಪ್ಪತಗುಡ್ಡದ ಸುಣ್ಣಕಲ್ಲು" ಎಂದು ಪ್ರಾಜೆಕ್ಟ್‌ನಲ್ಲಿ ಬರೆದುಕೊಂಡು ಬಂದವರನ್ನು ನೋಡಿದ್ದೇನೆ, ದಯವಿಟ್ಟು ಹಾಗೆ ಬರೆಯಬೇಡಿ. ನಮಗೆ ಹತ್ತಿರದ, ಮಳೆ ಬೀಳುವ ಸುಣ್ಣಕಲ್ಲಿನ ಜಾಗ ಅಂದರೆ ಶಿರಸಿ ದಾಟಿ ಸಿಗುವ ಯಾಣ. ಅಲ್ಲಿನ ಕಪ್ಪು ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರದ ಸುಣ್ಣಕಲ್ಲು. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತ ಕಲಾದಗಿ ಶಿಲಾವಲಯದ ಸುಣ್ಣಕಲ್ಲಿದೆ. ಆದರೆ ಅದು ಒಣಸೀಮೆ, ಗುಡ್ಡಗಳೂ ತಗ್ಗು. ನುಸಿ ಅಲ್ಲಿಯೂ ಇರುತ್ತವೆ, ಮಳೆ ಬಿದ್ದ ಮೇಲೆ ಹೋಗಬೇಕು ಅಷ್ಟೇ.

ಕಪ್ಪತಗುಡ್ಡದಲ್ಲಿ ಹೊಸ ನುಸಿ ಇರಲಾರವು ಅಂತಲ್ಲ. ಮುಂದೆ ಹೇಳುವ ಕ್ರಮ ಎಲ್ಲ ಗುಡ್ಡಕ್ಕೂ ಒಂದೇ. ಕಲ್ಲಿನ ಹೆಸರನ್ನು ಸರಿಯಾಗಿ ಬರೆದರೆ ಸಾಕು.

ಏನೇನು ಬೇಕು?

ಕಳೆ ತೆಗೆಯುವ ಕುರ್ಪಿ, ದಪ್ಪ ಬಟ್ಟೆಯ ಚೀಲಗಳು, ಎರಡು ಮಿಲಿಮೀಟರ್ ಕಣ್ಣಿನ ಜಾಲರಿ, ದೊಡ್ಡ ಪ್ಲಾಸ್ಟಿಕ್ ಲಾಳಿಕೆಗಳು, ಹೋಲ್ಡರ್ ಮತ್ತು 40 ವ್ಯಾಟ್ ಬಲ್ಬು, ಸಣ್ಣ ಮುಚ್ಚಳದ ಗಾಜಿನ ಬಾಟಲಿಗಳು. ಇವೆಲ್ಲ ಹುಬ್ಬಳ್ಳಿ ದುರ್ಗದಬೈಲ್ ಸುತ್ತ ಅರ್ಧ ದಿನ ತಿರುಗಿದರೆ ಸಿಗುತ್ತವೆ. ಬಲ್ಬು ಮಾತ್ರ ಹಳೇ ಕಾಲದ, ತಂತಿ ಕಾದು ಉರಿಯುವ ಬಲ್ಬೇ ಆಗಬೇಕು. ಎಲ್‌ಇಡಿ ಹಾಕಿ "ಒಂದೂ ನುಸಿ ಬೀಳಲಿಲ್ಲ" ಎಂದವರು ಬಹಳ. ಎಲ್‌ಇಡಿಯಲ್ಲಿ ಬೆಳಕು ಇರುತ್ತದೆ, ಬೇಕಾದಷ್ಟು ಶಾಖ ಇರುವುದಿಲ್ಲ.

ಎಥನಾಲ್, ಅಂದರೆ ಸ್ಪಿರಿಟ್, ಕೊಳ್ಳುವುದಕ್ಕೆ ಅಬಕಾರಿ ನಿಯಮ ಅಡ್ಡ ಬರುತ್ತದೆ. ಕಾಲೇಜಿನ ಲ್ಯಾಬ್ ಮೂಲಕವೇ ಪಡೆಯಿರಿ. 95 ಶೇಕಡಾ ಸ್ಪಿರಿಟ್ 79 ಮಿಲಿಗೆ ನೀರು ಸೇರಿಸಿ 100 ಮಿಲಿ ಮಾಡಿದರೆ ಸುಮಾರು 75 ಶೇಕಡಾ ಆಗುತ್ತದೆ. ನೀರು ಡಿಸ್ಟಿಲ್ಡ್ ಆಗಿರಲಿ. ನಮ್ಮ ಬೋರ್‌ವೆಲ್ ನೀರು ಹಾಕಿದರೆ ಅದರಲ್ಲಿನ ಸುಣ್ಣದ ಅಂಶ ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಆ ಪುಡಿಯಲ್ಲಿ ಬಿಳಿ ನುಸಿ ಹುಡುಕುವ ಸುಖ ಬೇಡ.

ಉಳಿದದ್ದು ಲ್ಯಾಬಿನ ಸಾಮಾನು. 40 ಪಟ್ಟು ತೋರಿಸುವ ಸ್ಟೀರಿಯೋ ಮೈಕ್ರೋಸ್ಕೋಪ್, 1000 ಪಟ್ಟಿನವರೆಗೆ ಹೋಗುವ ಕಾಂಪೌಂಡ್ ಮೈಕ್ರೋಸ್ಕೋಪ್, ನಡುವೆ ಗುಣಿ ಇರುವ ಗಾಜಿನ ಸ್ಲೈಡು, ಲ್ಯಾಕ್ಟಿಕ್ ಆಸಿಡ್, ಅತಿ ಸಣ್ಣ ಪೇಂಟಿಂಗ್ ಬ್ರಷ್. ಇವಿಲ್ಲದೆ ಮೊದಲ ಐದು ಹಂತ ಮಾಡಬಹುದು, ಮುಂದೆ ಹೋಗಲಾಗದು.

ಹಂತ 1: ಅನುಮತಿ

ಇದನ್ನು ಕೊನೆಗೆ ನೋಡಿಕೊಂಡರಾಯಿತು ಎಂದು ಬಿಡುವವರೇ ಜಾಸ್ತಿ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಧಾಮದೊಳಗಿಂದ ಅನುಮತಿ ಇಲ್ಲದೆ ಏನನ್ನೂ ತರುವಂತಿಲ್ಲ. ಒಂದು ಬೊಗಸೆ ಮಣ್ಣೇ ಆದರೂ ಅಷ್ಟೇ. ಯಾಣದ ಸುತ್ತಲೂ ಕಾಡು, ಜೊತೆಗೆ ಅದು ಜನ ನಡೆದುಕೊಳ್ಳುವ ಕ್ಷೇತ್ರ. ಅರಣ್ಯ ಇಲಾಖೆಗೆ ಕಾಲೇಜಿನ ಲೆಟರ್‌ಹೆಡ್‌ನಲ್ಲಿ ಅರ್ಜಿ ಕೊಡಿ. ಎಲ್ಲಿ, ಎಷ್ಟು ಲೀಟರ್ ಮಣ್ಣು, ಯಾವ ತಿಂಗಳು, ನಮೂನೆ ಕೊನೆಗೆ ಎಲ್ಲಿ ಇಡುತ್ತೀರಿ ಎಂದು ಬರೆಯಿರಿ. ಅನುಮತಿ ಪತ್ರದ ಸಂಖ್ಯೆ ಮುಂದೆ ಹೊಸ ಪ್ರಭೇದದ ಬಗ್ಗೆ ಬರೆಯುವ ಪ್ರಬಂಧದಲ್ಲೂ ಬೇಕಾಗುತ್ತದೆ.

ಅನುಮತಿ ಬರುವವರೆಗೆ ಸುಮ್ನೆ ಕೂರಬೇಡಿ. ಮನೆ ಹಿತ್ತಲಿನ ಮಾವಿನ ಮರದ ಕೆಳಗೋ, ಸ್ವಂತ ಹೊಲದ ಬದುವಿನ ಬೇವಿನ ಬುಡದಲ್ಲೋ ಮಣ್ಣು ತೆಗೆದು ಅಭ್ಯಾಸ ಮಾಡಿ. ಇನ್ನೊಬ್ಬರ ಹೊಲವಾದರೆ ಕೇಳಿಯೇ ತೆಗೆಯಿರಿ.

ಹಂತ 2: ಕಲ್ಲು ಪರೀಕ್ಷೆ

ಕಲ್ಲಿನ ಚೂರಿನ ಮೇಲೆ ತೆಳುವಾದ ಹೈಡ್ರೋಕ್ಲೋರಿಕ್ ಆಸಿಡ್ ಎರಡು ಹನಿ ಹಾಕಿ. ಸೋಡಾ ಬಾಟಲಿ ತೆಗೆದಂತೆ ಬುರುಬುರು ನೊರೆ ಬಂದರೆ ಸುಣ್ಣಕಲ್ಲು. ಡಾಲಮೈಟ್ ಎಂಬ ಸೋದರ ಕಲ್ಲು ಪುಡಿ ಮಾಡಿದ ಮೇಲಷ್ಟೇ ನೊರೆ ಕೊಡುತ್ತದೆ. ಎರೆ ಮಣ್ಣಿನಲ್ಲಿ ಸಿಗುವ ಸುಣ್ಣದ ಹರಳಿಗೂ ನೊರೆ ಬರುತ್ತದೆ, ಹಾಗಂತ ನಿಮ್ಮ ಹೊಲ ಸುಣ್ಣಕಲ್ಲಿನ ಗುಡ್ಡವಲ್ಲ. ಮಣ್ಣಿನ ಪಿಎಚ್ ಕೂಡ ಬರೆದುಕೊಳ್ಳಿ. ಪಿಎಚ್ ಅಂದರೆ ಹುಳಿ–ಚೌಳು ಅಳೆಯುವ ಅಂಕಿ.

ಹಂತ 3: ಮಣ್ಣು ತರುವುದು

ಮಳೆಗಾಲದ ನಡುವಿನಿಂದ ನವೆಂಬರ್‌ವರೆಗೆ ಒಳ್ಳೆಯ ಕಾಲ. ಬೇಸಿಗೆಯಲ್ಲಿ ನುಸಿಗಳು ಆಳಕ್ಕೆ ಇಳಿಯುತ್ತವೆ, ಮೇಲೆ ಸಿಗುವುದು ಕಡಿಮೆ.

ಒಂದೇ ಕಡೆ ಚೀಲ ತುಂಬಿಸಬೇಡಿ. ಕಲ್ಲಿನ ಬಿರುಕಿನ ಗೊಬ್ಬರ, ಬಂಡೆಯ ಮೇಲಿನ ಹಾವಸೆ, ಬುಡದ ಎಲೆರಾಶಿ, ಗವಿಯ ಬಾಯಿಯ ಮಣ್ಣು, ಎಲ್ಲವೂ ಬೇರೆ ಬೇರೆ ಚೀಲಕ್ಕೆ. ಒಂದೊಂದಕ್ಕೆ ಅರ್ಧ ಲೀಟರ್ ಸಾಕು. ಎಲೆ ಮತ್ತು ಮೇಲಿನ ಐದು ಸೆಂಟಿಮೀಟರ್ ಮಣ್ಣು ತೆಗೆದರೆ ಹೆಚ್ಚಿನ ನುಸಿ ಅದರಲ್ಲೇ ಇರುತ್ತವೆ. ನನ್ನ ಮಟ್ಟಿಗೆ ಬಿರುಕಿನ ಗೊಬ್ಬರವೇ ಚಿನ್ನ. ಚಮಚದಲ್ಲಿ ಕೆರೆದು ತೆಗೆಯಬೇಕಾಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಚೀಲ ಬಿಸಿಲಿಗೆ ಇಡಬೇಡಿ. ಬಾಗಿಲು ಹಾಕಿ ನಿಲ್ಲಿಸಿದ ಕಾರಿನಲ್ಲಿ ಒಂದು ಗಂಟೆ ಬಿಟ್ಟರೂ ಒಳಗಿನ ಜೀವ ಬೆಂದುಹೋಗುತ್ತದೆ. ಸತ್ತ ನುಸಿ ಲಾಳಿಕೆಯಲ್ಲಿ ಕೆಳಗೆ ಇಳಿಯುವುದಿಲ್ಲ. ಬಿಗಿ ಪ್ಲಾಸ್ಟಿಕ್ ಕವರ್ ಕೂಡ ಬೇಡ, ಉಸಿರು ಕಟ್ಟುತ್ತದೆ. ತಂದ ಮಾರನೇ ದಿನದೊಳಗೆ ಲಾಳಿಕೆಗೆ ಹಾಕಿ.

ಒಂದು ಎಚ್ಚರಿಕೆ. ಮಲೆನಾಡಿನ ಕಾಡಿನಲ್ಲಿ ಉಣ್ಣೆಗಳಿರುತ್ತವೆ. ಮಂಗನ ಕಾಯಿಲೆ ಹರಡುವುದು ಅವುಗಳಿಂದಲೇ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಿದ್ದು. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸಿನೊಳಗೆ ಸೇರಿಸಿ. ನೆಲದ ಮೇಲೆ ಹಾಗೇ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ ಮೈ ನೋಡಿಕೊಳ್ಳಿ. ಆಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ತಪ್ಪದೆ ಹೇಳಿ.

ಹಂತ 4: ಚೀಟಿ

ಒಂದು ಸಣ್ಣ ಕಾಗದದ ಚೀಟಿಗೆ ಪೂರ್ತಿ ಹಂತ ಯಾಕೆ ಅಂದರೆ, ನಾನು ಮಾಡಿಕೊಂಡ ಎಡವಟ್ಟು. ಮೊದಲ ವರ್ಷ ಚೀಟಿಗಳನ್ನು ಬಾಲ್‌ಪೆನ್ನಿನಲ್ಲಿ ಬರೆದು ಸ್ಪಿರಿಟ್ ಬಾಟಲಿಯೊಳಗೆ ಹಾಕಿಟ್ಟಿದ್ದೆ. ತಿಂಗಳ ಮೇಲೆ ತೆಗೆದು ನೋಡಿದರೆ ಸ್ಪಿರಿಟ್ ತಿಳಿನೀಲಿ, ಚೀಟಿ ಬರೀ ಬಿಳಿ. ಹನ್ನೆರಡು ಬಾಟಲಿ ನುಸಿ ಇದ್ದವು, ಒಂದಕ್ಕೂ ಊರಿಲ್ಲ. ಎಲ್ಲ ಚೆಲ್ಲಿದೆ.

ಪೆನ್ಸಿಲ್‌ನಲ್ಲಿ ಬರೆಯಿರಿ, ದಪ್ಪ ಕಾಗದದ ಮೇಲೆ. ಚೀಟಿ ಬಾಟಲಿಯ ಒಳಗೇ ಇರಲಿ, ಹೊರಗೆ ಅಂಟಿಸಿದ್ದು ಉದುರುತ್ತದೆ. ಚೀಟಿಯಲ್ಲಿ ಇಷ್ಟಿರಬೇಕು: ರಾಜ್ಯ, ಜಿಲ್ಲೆ, ಊರು, ಜಾಗ, ಮೊಬೈಲಿನ ಜಿಪಿಎಸ್ ತೋರಿಸುವ ಅಕ್ಷಾಂಶ ರೇಖಾಂಶ, ಸಮುದ್ರಮಟ್ಟದಿಂದ ಎತ್ತರ, ದಿನಾಂಕ, ಯಾವ ಬಗೆಯ ಜಾಗ, ತಂದವರ ಹೆಸರು. "ಯಾಣ, ಮಣ್ಣು" ಎಂದಷ್ಟೇ ಬರೆದರೆ ಐದು ವರ್ಷದ ಮೇಲೆ ನಿಮಗೇ ನೆನಪಿರುವುದಿಲ್ಲ.

ಹಂತ 5: ಲಾಳಿಕೆ

ಇಟಲಿಯ ಆಂಟೋನಿಯೋ ಬರ್ಲೀಸೆ 1905ರಲ್ಲಿ ಬಿಸಿನೀರು ಸುತ್ತುವರಿದ ಲಾಳಿಕೆ ಮಾಡಿದರು. ಸ್ವೀಡನ್ನಿನ ಆಲ್ಬರ್ಟ್ ಟುಲ್‌ಗ್ರೆನ್ 1918ರಲ್ಲಿ ಅದರ ಬದಲಿಗೆ ಮೇಲಿನಿಂದ ಬಲ್ಬು ಇಳಿಬಿಟ್ಟರು. ನೂರು ವರ್ಷದ ಮೇಲೂ ನಾವು ಮಾಡುವುದು ಇದನ್ನೇ. ಉಪಾಯ ಸರಳ: ಮೇಲಿನಿಂದ ಮಣ್ಣು ಒಣಗುತ್ತ ಬಂದಂತೆ ನುಸಿಗಳು ತಂಪು ಹುಡುಕಿ ಕೆಳಗೆ ಇಳಿಯುತ್ತವೆ, ಕೊನೆಗೆ ಬಾಟಲಿಗೆ ಬೀಳುತ್ತವೆ.

ಲಾಳಿಕೆಯೊಳಗೆ ಜಾಲರಿ ಕೂರಿಸಿ. ಅದರ ಮೇಲೆ ಎಲೆಗೊಬ್ಬರ ಎರಡು ಮೂರು ಬೆರಳು ದಪ್ಪಕ್ಕೆ ಹರಡಿ. ಮಣ್ಣಿನ ಹೆಂಟೆಯಾದರೆ ಮೇಲ್ಮೈ ಕೆಳಗಾಗುವಂತೆ ತಲೆಕೆಳಗೆ ಇಡಿ, ನುಸಿಗೆ ಬಂದ ದಾರಿಯಲ್ಲೇ ಹೊರಗೆ ಹೋಗುವುದು ಸುಲಭ. ಬಲ್ಬು ಒಂದು ಗೇಣು ಮೇಲಿರಲಿ. ಕೆಳಗೆ 75 ಶೇಕಡಾ ಸ್ಪಿರಿಟ್ ಇರುವ ಬಾಟಲಿ. ಬಾಟಲಿಯನ್ನು ಕೊನೆಗೆ ಇಡಿ. ಮೊದಲೇ ಇಟ್ಟು ಮೇಲೆ ಮಣ್ಣು ಹಾಕಿದರೆ ಉದುರುವ ಧೂಳೆಲ್ಲ ಅದರೊಳಗೆ.

ಅವಸರ ಬೇಡ. ಮೊದಲ ದಿನ ಬಲ್ಬು ಹಚ್ಚದೆ ಹಾಗೇ ಬಿಡಿ. ಆಮೇಲೆ ಹಚ್ಚಿ ಐದರಿಂದ ಏಳು ದಿನ ಇಡಿ. ಬಲ್ಬನ್ನು ಹತ್ತಿರ ಇಳಿಸಿದರೆ ಮಣ್ಣು ಬೇಗ ಒಣಗುತ್ತದೆ, ಒರಿಬ್ಯಾಟಿಡ್‌ಗಳು ಆಮೆಯ ಹಾಗೆ ನಿಧಾನ, ದಾರಿಯಲ್ಲೇ ಸಾಯುತ್ತವೆ. ಕರೆಂಟ್ ಹೋದರೆ ಚಿಂತೆ ಇಲ್ಲ, ದಿನ ಸ್ವಲ್ಪ ಹೆಚ್ಚಾಗುತ್ತದೆ. ಬಲ್ಬಿಗೆ ಒಣಎಲೆ ತಾಗದಂತೆ ಮಾತ್ರ ನೋಡಿಕೊಳ್ಳಿ, ಬೆಂಕಿ ಹತ್ತಬಹುದು.

ಮುಗಿದ ಮೇಲೆ ಬಾಟಲಿ ಮುಚ್ಚುವ ಮುಂಚೆ ಚೀಟಿ ಒಳಗೆ ಹಾಕಿದಿರಾ? ಇನ್ನೊಮ್ಮೆ ನೋಡಿ.

ಹಂತ 6: ಬೇರ್ಪಡಿಸುವುದು

ಬಾಟಲಿಯನ್ನು ಗಾಜಿನ ಬಟ್ಟಲಿಗೆ ಸುರಿದು ಸ್ಟೀರಿಯೋ ಮೈಕ್ರೋಸ್ಕೋಪಿನ ಕೆಳಗೆ ಇಡಿ. ಮೊದಲ ಸಲ ನೋಡುವವರು ಎದ್ದು ಓಡಾಡಿ ಬಂದು ಮತ್ತೆ ನೋಡುತ್ತಾರೆ. ಬಾಲದಲ್ಲಿ ಸ್ಪ್ರಿಂಗ್ ಇಟ್ಟುಕೊಂಡ ಕಾಲೆಂಬೊಲಾ, ಬಾಲವಿಲ್ಲದ ಹುಸಿಚೇಳು, ಸಣ್ಣ ಇರುವೆ, ಅವುಗಳ ನಡುವೆ ಕಂದು ಬಣ್ಣದ, ಎಣ್ಣೆ ಹಚ್ಚಿದಂತೆ ಹೊಳೆಯುವ ಗುಂಡು ಕಾಳುಗಳು. ಅವೇ ಒರಿಬ್ಯಾಟಿಡ್. ಗಲುಮ್ನಾ ಜಾತಿಯವಕ್ಕೆ (ಜಾತಿ ಅಂದರೆ ಇಲ್ಲಿ ಹತ್ತಿರದ ಪ್ರಭೇದಗಳ ಗುಂಪು, ಇಂಗ್ಲಿಷಿನಲ್ಲಿ ಜೀನಸ್) ಎರಡೂ ಪಕ್ಕದಲ್ಲಿ ಕಿವಿಯಂಥ ರೆಕ್ಕೆ ಮಡಿಕೆ ಇರುತ್ತದೆ, ಕಾಲು ಮುಚ್ಚಿಕೊಳ್ಳುವುದಕ್ಕೆ. ಪೆಟ್ಟಿಗೆ ನುಸಿ ಎಂದು ಕರೆಯಬಹುದಾದ ಇನ್ನೊಂದು ಬಳಗ ಕಾಲನ್ನೆಲ್ಲ ಒಳಗೆ ಎಳೆದು, ತಲೆಯನ್ನೇ ಮುಚ್ಚಳ ಮಾಡಿ ಮುಚ್ಚಿಬಿಡುತ್ತದೆ. ಆಗ ಅದು ಯಾವುದೋ ಗಿಡದ ಬೀಜ ಅನ್ನಬೇಕು, ಹಾಗೆ. ಬೀಜ ಎಂದು ಎಸೆದುಬಿಡುತ್ತೀರಿ, ಹುಷಾರು.

ಒಂದೇ ಥರ ಕಾಣುವವನ್ನು ಒಂದೊಂದು ಬಾಟಲಿಗೆ ಹಾಕಿ. ಪ್ರತಿ ಬಾಟಲಿಗೂ ಮೂಲ ಚೀಟಿಯ ನಕಲು ಬೇಕು. ಮರಿಗಳನ್ನು ಬೇರೆ ಇಡಿ. ಒರಿಬ್ಯಾಟಿಡ್ ಮೊಟ್ಟೆಯೊಡೆದಾಗ ಆರು ಕಾಲಿನ ಲಾರ್ವಾ, ಆಮೇಲೆ ಎಂಟು ಕಾಲಿನ ಮೂರು ಮರಿಹಂತ, ಆಮೇಲೆ ದೊಡ್ಡದು. ಮರಿ ಮೆತ್ತಗೆ, ತಿಳಿಬಣ್ಣ, ತಾಯಿಯ ಹೋಲಿಕೆಯೇ ಇರುವುದಿಲ್ಲ ಎಷ್ಟೋ ಸಲ. ಮರಿಯನ್ನೇ ಹೊಸ ಪ್ರಭೇದ ಎಂದುಕೊಂಡು ಹಿಗ್ಗಿದವರಿದ್ದಾರೆ.

ಡಿಎನ್‌ಎ ಕೆಲಸ ಮಾಡಿಸುವ ಆಸೆ ಇದ್ದರೆ ಪ್ರತಿ ಬಗೆಯಲ್ಲಿ ನಾಲ್ಕೈದು ನುಸಿಗಳನ್ನು ಈಗಲೇ 95 ಶೇಕಡಾ ಸ್ಪಿರಿಟ್‌ಗೆ ಹಾಕಿ ಫ್ರೀಜರಿನಲ್ಲಿ ಇಡಿ. ಹೊಸ ಪ್ರಭೇದ ವಿವರಿಸಲು ಡಿಎನ್‌ಎ ಕಡ್ಡಾಯವಲ್ಲ, ಇದ್ದರೆ ಒಳ್ಳೆಯದು.

ಹಂತ 7: ಸ್ಲೈಡು

ಕಂದು ಚಿಪ್ಪಿನ ಮೂಲಕ ಏನೂ ಕಾಣುವುದಿಲ್ಲ. ಅದಕ್ಕೆ ಲ್ಯಾಕ್ಟಿಕ್ ಆಸಿಡ್. ಗುಣಿ ಇರುವ ಸ್ಲೈಡಿನಲ್ಲಿ ಒಂದು ಹನಿ ಆಸಿಡ್ ಹಾಕಿ, ನುಸಿಯನ್ನು ಬ್ರಷ್ ತುದಿಯಲ್ಲಿ ಅದಕ್ಕೆ ಇಳಿಸಿ, ಕವರ್‌ಸ್ಲಿಪ್ಪನ್ನು, ಅಂದರೆ ಮೇಲೆ ಮುಚ್ಚುವ ತೆಳು ಗಾಜಿನ ಚೂರನ್ನು, ಗುಣಿಯ ಅರ್ಧಕ್ಕೆ ಮುಚ್ಚಿ ಬಿಡಿ. ಒಳಗಿನ ಮಾಂಸ ಕರಗಿ ಚಿಪ್ಪು ತಿಳಿಯಾಗಲು ಕೆಲವು ದಿನದಿಂದ ಕೆಲವು ವಾರ ಹಿಡಿಯುತ್ತದೆ.

ಸುಣ್ಣಕಲ್ಲಿನ ಮಣ್ಣಿನವರು ಇಲ್ಲೊಂದು ತಮಾಷೆ ನೋಡಬಹುದು. ಕೆಲವು ಒರಿಬ್ಯಾಟಿಡ್‌ಗಳು, ಅದರಲ್ಲೂ ಪೆಟ್ಟಿಗೆ ನುಸಿಗಳು, ಚಿಪ್ಪು ಗಟ್ಟಿಯಾಗಲು ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿಕೊಂಡಿರುತ್ತವೆ. ಅಂದರೆ ಸುಣ್ಣಕಲ್ಲೇ. ಆಸಿಡ್‌ಗೆ ಇಳಿಸಿದ ಕೂಡಲೇ ಚಿಪ್ಪಿನ ಮೇಲೆ ಸೂಜಿಮೊನೆಯಷ್ಟು ಗುಳ್ಳೆಗಳು ಏಳುತ್ತವೆ. ಒಂದು ಗುಳ್ಳೆ ದೊಡ್ಡದಾಗಿ, ನುಸಿಯನ್ನೇ ಎತ್ತಿಕೊಂಡು ಕವರ್‌ಸ್ಲಿಪ್ಪಿಗೆ ಅಂಟಿಸಿಬಿಡುತ್ತದೆ. ಎರಡನೇ ಹಂತದಲ್ಲಿ ಕಲ್ಲಿನ ಮೇಲೆ ನೋಡಿದ ನೊರೆಯೇ ಇದು. ನೊರೆ ನಿಲ್ಲುವವರೆಗೆ ಕವರ್‌ಸ್ಲಿಪ್ ಹಾಕಬೇಡಿ. ನೊರೆ ಬಂದಿತ್ತು ಎಂದು ನೋಟ್‌ಬುಕ್‌ನಲ್ಲಿ ಬರೆದಿಡಿ.

ಗುಣಿ ಸ್ಲೈಡಿನ ಅನುಕೂಲ ಏನೆಂದರೆ, ಕವರ್‌ಸ್ಲಿಪ್ಪನ್ನು ನವಿರಾಗಿ ಜರುಗಿಸಿದರೆ ನುಸಿ ಉರುಳುತ್ತದೆ. ಬೆನ್ನು, ಹೊಟ್ಟೆ, ಪಕ್ಕ ಮೂರೂ ನೋಡಬಹುದು. ಚಪ್ಪಟೆ ಸ್ಲೈಡಿನಲ್ಲಿ ಒತ್ತಿದರೆ ಅಪ್ಪಚ್ಚಿಯಾಗಿ ಅಳತೆಯೆಲ್ಲ ತಪ್ಪುತ್ತದೆ.

ಹಂತ 8: ನೋಡಬೇಕಾದದ್ದು, ಬರೆಯಬೇಕಾದದ್ದು

ತಲೆಭಾಗದ ಹಿಂದೆ ಎರಡು ಬಟ್ಟಲಿನಂಥ ಗುಣಿಗಳಿರುತ್ತವೆ. ಅದರಿಂದ ಹೊರಡುವ ವಿಶೇಷ ಕೂದಲಿಗೆ ಸೆನ್ಸಿಲಸ್ ಅನ್ನುತ್ತಾರೆ. ಗಾಳಿ ಅಲುಗಿದ್ದನ್ನು ನುಸಿಗೆ ತಿಳಿಸುವ ಕೂದಲು. ಅದು ಗದೆಯ ಹಾಗಿದೆಯೋ, ಈಟಿಯೋ, ಬಾಚಣಿಗೆಯೋ ಎಂಬುದು ಮುಖ್ಯ ಗುರುತು. ಬೆನ್ನಿನ ಚಿಪ್ಪಿಗೆ ನೋಟೊಗ್ಯಾಸ್ಟರ್ ಎಂದು ಹೆಸರು. ಅದರ ಮೇಲೆ ಎಷ್ಟು ಜೊತೆ ಕೂದಲು, ಎಲ್ಲೆಲ್ಲಿ, ಎಷ್ಟು ಉದ್ದ? ಹೊಟ್ಟೆಯ ಬದಿಯಲ್ಲಿ ಜನನಾಂಗದ ಮುಚ್ಚಳ, ಗುದದ ಮುಚ್ಚಳ, ಅವುಗಳ ಮೇಲಿನ ಕೂದಲಿನ ಲೆಕ್ಕ. ಕೊನೆಗೆ ನಾಲ್ಕು ಜೊತೆ ಕಾಲುಗಳ ಪ್ರತಿ ಗೆಣ್ಣಿನ ಕೂದಲು. ಈ ಲೆಕ್ಕಾಚಾರಕ್ಕೆ ಬುನಾದಿ ಹಾಕಿದ್ದು ಫ್ರಾನ್ಸಿನ ಫ್ರಾಂಸ್ವಾ ಗ್ರಾಂಜಾನ್. ಕೂದಲಿಗೆ ಅವರು ಕೊಟ್ಟ ಸಂಕೇತಗಳನ್ನೇ ಇಂದಿಗೂ ಬಳಸುತ್ತಾರೆ.

ಫೋಟೊ ಸಾಲದು. ಪೆನ್ಸಿಲ್ ಹಿಡಿದು ಚಿತ್ರ ಬರೆಯಿರಿ. ಬರೆಯುವಾಗಲೇ "ಅರೆ, ಇಲ್ಲಿ ಇನ್ನೊಂದು ಕೂದಲಿದೆ" ಎಂದು ಗೊತ್ತಾಗುವುದು. ಕೂದಲು ಮುರಿದಿದ್ದರೆ ಅದರ ಬುಡದ ಚುಕ್ಕೆ ಉಳಿದಿರುತ್ತದೆ, ಅದನ್ನೂ ಎಣಿಸಬೇಕು. ಮುರಿದ ಕೂದಲನ್ನು ಕೂದಲೇ ಇಲ್ಲ ಎಂದು ಬರೆದು ಹುಟ್ಟಿಸಿದ ಪ್ರಭೇದ ಆಮೇಲೆ ನಗೆಪಾಟಲಾಗುತ್ತದೆ. ಒಂದೇ ನುಸಿ ನೋಡಿ ನಿಲ್ಲಿಸಬೇಡಿ, ಕನಿಷ್ಠ ಐದಾರು ಅಳೆಯಿರಿ. ಅಳತೆ ಮೈಕ್ರೋಮೀಟರ್‌ನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನಲ್ಲಿ.

ಹಂತ 9: ಹೊಸದೋ ಹಳೇದೋ?

ಇಲ್ಲಿ ನಿಧಾನಿಸಿ. ಕೈಪಿಡಿಗಳ ಕೀಲಿ ಹಿಡಿದು ಮೊದಲು ಕುಟುಂಬ, ಆಮೇಲೆ ಜಾತಿ ಗೊತ್ತು ಮಾಡಿ. ಕೀಲಿ ಅಂದರೆ "ಹೀಗಿದ್ದರೆ ಇಲ್ಲಿಗೆ ಹೋಗಿ, ಹಾಗಿದ್ದರೆ ಅಲ್ಲಿಗೆ" ಎಂದು ಒಂದೊಂದೇ ಗುರುತು ಕೇಳುತ್ತ ಹೋಗುವ ಪಟ್ಟಿ. ಜಾತಿ ಗೊತ್ತಾದ ಮೇಲೆ ಆ ಜಾತಿಯಲ್ಲಿ ಈವರೆಗೆ ಹೆಸರಾದ ಎಲ್ಲ ಪ್ರಭೇದಗಳ ಪಟ್ಟಿ ಬೇಕು. ಮ್ಯಾಡ್ರಿಡ್‌ನ ಲೂಯಿಸ್ ಸುಬಿಯಾಸ್ 2004ರಲ್ಲಿ ಪ್ರಕಟಿಸಿ, ಆಮೇಲೂ ತಿದ್ದುತ್ತ ಬಂದ ಜಗತ್ತಿನ ಒರಿಬ್ಯಾಟಿಡ್ ಪಟ್ಟಿ ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅದರಲ್ಲಿ ನಿಮ್ಮ ಜಾತಿ ತೆಗೆದು, ಪ್ರತಿ ಪ್ರಭೇದದ ಮೊದಲ ವಿವರಣೆಯನ್ನು ಹುಡುಕಿ ಓದಬೇಕು. ಎಲ್ಲವನ್ನೂ. ನಲವತ್ತಿದ್ದರೆ ನಲವತ್ತು. ಹಲವು ಜರ್ಮನ್, ಫ್ರೆಂಚ್, ರಷ್ಯನ್ ಭಾಷೆಯಲ್ಲಿರುತ್ತವೆ. ಹಳೆಯವು ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಇಂಟರ್ನೆಟ್ ಗ್ರಂಥಾಲಯದಲ್ಲಿ ಸಿಗುತ್ತವೆ, ಭಾಷೆಗೆ ಮೊಬೈಲಿನ ಅನುವಾದ ಸಾಕು, ಚಿತ್ರ ಎಲ್ಲ ಭಾಷೆಯಲ್ಲೂ ಒಂದೇ.

ಒಂದು ಹಾಳೆಯಲ್ಲಿ ಅಡ್ಡಕ್ಕೆ ಗುರುತುಗಳು, ಉದ್ದಕ್ಕೆ ಪ್ರಭೇದಗಳು ಹಾಕಿ ಕೋಷ್ಟಕ ಮಾಡಿ. ನಿಮ್ಮದು ಯಾವುದಕ್ಕೂ ಹೊಂದದಿದ್ದರೆ ಮಾತ್ರ ಮುಂದಿನ ಮಾತು. ದೇಹದ ಉದ್ದದಲ್ಲಿ ಹತ್ತಿಪ್ಪತ್ತು ಮೈಕ್ರೋಮೀಟರ್ ವ್ಯತ್ಯಾಸ ವ್ಯತ್ಯಾಸವಲ್ಲ. ನಮ್ಮ ಮನೆಯಲ್ಲೂ ಅಣ್ಣ ತಮ್ಮ ಒಂದೇ ಎತ್ತರ ಇರುವುದಿಲ್ಲ ಅಲ್ವಾ?

"ನಮ್ಮ ಜಿಲ್ಲೆಯಲ್ಲಿ ಯಾರೂ ನೋಡಿಲ್ಲ" ಎಂಬುದು ಹೊಸ ಪ್ರಭೇದವಲ್ಲ, ಹೊಸ ದಾಖಲೆ. ಎರಡನ್ನೂ ಬೆರೆಸುವುದು ನಾನು ಕಾಣುವ ಅತಿ ದೊಡ್ಡ ತಪ್ಪು. ಓಪಿಯೆಲ್ಲಾ ನೋವಾ ಎಂಬ ಪುಟ್ಟ ನುಸಿ ಇದೆ. 1902ರಲ್ಲಿ ಡಚ್ ವಿಜ್ಞಾನಿ ಊಡೆಮಾನ್ಸ್ ಹೆಸರಿಟ್ಟಿದ್ದು. ನೋವಾ ಅಂದರೆ ಲ್ಯಾಟಿನ್‌ನಲ್ಲಿ ಹೊಸದು. ಆಮೇಲೆ ನೋಡಿದರೆ ಅದು ಜಗತ್ತಿನ ಬಹುಪಾಲು ಕಡೆ ಸಿಗುತ್ತದೆ, ಗಂಡಿಲ್ಲದೆಯೇ ಸಂತಾನ ಬೆಳೆಸುತ್ತದೆ. ಹೊಸದು ಎಂದು ಹೆಸರಿಟ್ಟ ಮಾತ್ರಕ್ಕೆ ಅಪರೂಪದ್ದು ಆಗುವುದಿಲ್ಲ.

ಈ ಹಂತದಲ್ಲಿ ಪರಿಣತರ ಕಣ್ಣು ಬೇಕೇ ಬೇಕು. ನಮ್ಮ ರಾಜ್ಯಕ್ಕೆ ಇದರಲ್ಲಿ ಹಳೆಯ ಹೆಸರಿದೆ. ಭಾರತದಲ್ಲಿ ನುಸಿ ವಿಜ್ಞಾನಕ್ಕೆ ಅಡಿಪಾಯ ಹಾಕಿದವರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿ. ಪಿ. ಚನ್ನಬಸವಣ್ಣ ಮುಂಚೂಣಿಯವರು. ಆ ವಿಶ್ವವಿದ್ಯಾಲಯದಲ್ಲಿ, ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರ ವಿಭಾಗದಲ್ಲಿ, ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ವಿಚಾರಿಸಿ. ಬೆಳೆಯ ನುಸಿ ಬಲ್ಲವರು ಜಾಸ್ತಿ, ಮಣ್ಣಿನ ನುಸಿಯವರು ಕಡಿಮೆ. ಆದರೂ ಅವರು ಮುಂದಿನ ದಾರಿ ತೋರಿಸುತ್ತಾರೆ. ವಿದೇಶದ ತಜ್ಞರಿಗೆ ಚಿತ್ರ, ಫೋಟೊ ಮೊದಲು ಕಳಿಸಿ. ನುಸಿಯನ್ನೇ ಕೊರಿಯರ್ ಹಾಕಬೇಡಿ. ಜೈವಿಕ ವೈವಿಧ್ಯ ಕಾಯ್ದೆ, 2002ರ ನಿಯಮಗಳಿವೆ, ರಾಷ್ಟ್ರೀಯ ಜೈವಿಕ ವೈವಿಧ್ಯ ಪ್ರಾಧಿಕಾರದ ಕ್ರಮ ಕೇಳಿಕೊಂಡೇ ಕಳಿಸಬೇಕು.

ಹಂತ 10: ಹೆಸರು

ಪ್ರಾಣಿಗಳಿಗೆ ಹೆಸರಿಡಲು ಅಂತರರಾಷ್ಟ್ರೀಯ ನಿಯಮಾವಳಿ ಇದೆ. ಈಗ ನಡೆಯುತ್ತಿರುವುದು ಅದರ ನಾಲ್ಕನೇ ಆವೃತ್ತಿ, 2000ದ ಜನವರಿ 1ರಿಂದ ಜಾರಿ. ಹೆಸರು ಲ್ಯಾಟಿನ್ ಲಿಪಿಯಲ್ಲಿರಬೇಕು, ಪದ ಕನ್ನಡದ್ದಾದರೂ ಅಡ್ಡಿಯಿಲ್ಲ. ಊರಿನ ಹೆಸರಿಗೆ ಸಾಮಾನ್ಯವಾಗಿ ಕೊನೆಯಲ್ಲಿ "ಎನ್ಸಿಸ್" ಬರುತ್ತದೆ, ಜಾತಿಯ ಹೆಸರು ನಪುಂಸಕಲಿಂಗವಾದರೆ "ಎನ್ಸೆ". ಗಂಡಸಿನ ಹೆಸರಿಗೆ "ಐ", ಹೆಂಗಸಿನ ಹೆಸರಿಗೆ "ಎ" ಎಂದು ಉಚ್ಚರಿಸುವ ಬಾಲ. ತಮ್ಮ ಹೆಸರನ್ನೇ ತಾವು ಇಟ್ಟುಕೊಳ್ಳಬಾರದೆಂದು ನಿಯಮವೇನೂ ಇಲ್ಲ, ಆದರೆ ಸಾಮಾನ್ಯವಾಗಿ ಯಾರೂ ಇಡುವುದಿಲ್ಲ. ಮಲೇಷ್ಯಾದ ಒಂದು ಸುಣ್ಣಕಲ್ಲಿನ ಗುಡ್ಡದ ಬಸವನಹುಳಕ್ಕೆ 2014ರಲ್ಲಿ ಅಲ್ಲಿನ ಸಿಮೆಂಟ್ ಕಂಪನಿಯ ಹೆಸರನ್ನೇ ಇಟ್ಟರು, ಆ ಹುಳದ ಬದುಕು ಈಗ ನಿಮ್ಮ ಕೈಯಲ್ಲಿದೆ ಎಂದು ನೆನಪಿಸುವಂತೆ. ಹೆಸರಿಡುವುದರಲ್ಲೂ ಜಾಣತನ ಇರಬಹುದು.

ವಿವರಣೆಯಿಲ್ಲ, ಪ್ರಬಂಧವಿಲ್ಲ, ಮೊದಲು ಪತ್ರಿಕೆಗೆ ಸುದ್ದಿ ಕೊಡುವ ಅವಸರ ಕೆಲವರಿಗೆ. ಹಾಗೆ ಮಾಡಬೇಡಿ. ವಿವರಣೆ ಇಲ್ಲದೆ ಹೊರಬಿದ್ದ ಹೆಸರಿಗೆ ಬೆಲೆ ಇಲ್ಲ, ಮೇಲೆ ಗೊಂದಲ ಬೇರೆ. ಪ್ರಬಂಧ ಹೊರಬಂದ ದಿನ ಸುದ್ದಿ ಕೊಟ್ಟರಾಯಿತು.

ಪ್ರಬಂಧದಲ್ಲಿ ಒಂದೇ ಒಂದು ನುಸಿಯನ್ನು ಹೋಲೋಟೈಪ್ ಎಂದು ಗುರುತಿಸಬೇಕು. ಆ ಹೆಸರು ಎಂದೆಂದಿಗೂ ಆ ಒಂದು ನುಸಿಗೆ ಕಟ್ಟಿಬಿದ್ದಿರುತ್ತದೆ. ಜೊತೆಗೆ ನೋಡಿದ ಉಳಿದವು ಪ್ಯಾರಾಟೈಪ್. ಹತ್ತಿರದ ಪ್ರಭೇದಗಳಿಂದ ಇದು ಹೇಗೆ ಬೇರೆ ಎಂದು ಬರೆಯುವ ಭಾಗವೇ ಪ್ರಬಂಧದ ಜೀವ, ಒಂಬತ್ತನೇ ಹಂತದ ಕೋಷ್ಟಕ ಇಲ್ಲಿ ಕೈ ಹಿಡಿಯುತ್ತದೆ. ಆನ್‌ಲೈನ್ ಮಾತ್ರ ಬರುವ ವಿಜ್ಞಾನ ಪತ್ರಿಕೆಯಾದರೆ ಝೂಬ್ಯಾಂಕ್ ಎಂಬ ಪ್ರಾಣಿ ಹೆಸರುಗಳ ದಾಖಲೆಯಲ್ಲಿ ಪ್ರಬಂಧದ ನೋಂದಣಿ ಆಗಿರಲೇಬೇಕು. ಮಿಂಚಂಚೆಯಲ್ಲಿ "ಹಣ ಕಟ್ಟಿ, ಮೂರು ದಿನದಲ್ಲಿ ಪ್ರಕಟಿಸುತ್ತೇವೆ" ಎನ್ನುವವರ ಹತ್ತಿರ ಸುಳಿಯಬೇಡಿ. ಫ್ರಾನ್ಸಿನ ಅಕರೊಲೊಜಿಯಾ 1959ರಿಂದ ಬರುತ್ತಿರುವ ನುಸಿಗಳದ್ದೇ ಪತ್ರಿಕೆ. ಅಂಥ ಕಡೆ ಕಳಿಸಿ, ತಜ್ಞರು ಬೈದು ತಿದ್ದಿಸಿದರೆ ಬೈಸಿಕೊಳ್ಳಿ.

ಹಂತ 11: ಒಪ್ಪಿಸುವುದು

ಹೋಲೋಟೈಪ್ ನಿಮ್ಮ ಕಪಾಟಿನಲ್ಲಿ ಇಡುವಂತಿಲ್ಲ. ಹೊಸ ಪ್ರಭೇದ ಕಂಡವರು ಅದನ್ನು ಗೊತ್ತುಪಡಿಸಿದ ಸಂಸ್ಥೆಗೆ ತಿಳಿಸಿ, ನಮೂನೆಯನ್ನು ಅಲ್ಲಿ ಒಪ್ಪಿಸಬೇಕೆಂದು ಜೈವಿಕ ವೈವಿಧ್ಯ ಕಾಯ್ದೆಯೇ ಹೇಳುತ್ತದೆ. ಪ್ರಾಣಿಗಳಿಗೆ ಅಂಥ ಮುಖ್ಯ ಸಂಸ್ಥೆ 1916ರಲ್ಲಿ ಶುರುವಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ, ಕೇಂದ್ರ ಕಚೇರಿ ಕೋಲ್ಕತ್ತಾ. ಅವರು ಕೊಡುವ ನೋಂದಣಿ ಸಂಖ್ಯೆ ಪ್ರಬಂಧ ಅಚ್ಚಾಗುವ ಮುಂಚೆ ಕೈಯಲ್ಲಿರಬೇಕು, ಆದ್ದರಿಂದ ಬೇಗ ಬರೆದು ಕೇಳಿ.

ಕೆಲವು ಪ್ಯಾರಾಟೈಪ್ ನಿಮ್ಮ ಕಾಲೇಜಿನಲ್ಲೇ ಉಳಿಯಬಹುದು. ಅವುಗಳ ಪುಟ್ಟ ಬಾಟಲಿಗಳನ್ನು ಸ್ಪಿರಿಟ್ ತುಂಬಿದ ದೊಡ್ಡ ಬಾಟಲಿಯೊಳಗೆ ಇಡಿ, ಎರಡೂ ಮುಚ್ಚಳ ಬಿಗಿಯಾಗಿರಲಿ. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಒಮ್ಮೆ ಕಪಾಟು ತೆಗೆದು ಮಟ್ಟ ನೋಡಿ. ನಮ್ಮ ಬೇಸಿಗೆಗೆ ಸ್ಪಿರಿಟ್ ಗೊತ್ತಾಗದಂತೆ ಆರಿರುತ್ತದೆ. ಕಡಿಮೆಯಾಗಿದ್ದರೆ ತುಂಬಿಸಿ, ಪೆನ್ಸಿಲ್ ಚೀಟಿ ಓದಲು ಬರುತ್ತದೆಯೇ ಎಂದೂ ನೋಡಿ ಮುಚ್ಚಿ.